ಕಡ್ಡಿ ಇಳಿಯದ ಕೋವಿ

ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ವೀಳ್ಯದೆಲೆ ಮಾರುತ್ತ ಕೂತಿದ್ದ ಚಿಕ್ಕನಿಂಗಮ್ಮನ ಪಕ್ಕದಲ್ಲೇ, ಹರದನಹಳ್ಳಿಯ ಪುಟ್ಟಮಾದಯ್ಯ ತಾನು ಕೊಂಡ ಹಳೇ ಕೋವಿಯನ್ನು ಗೆಳೆಯ ಚೆಲುವಯ್ಯನಿಗೆ ಬಣ್ಣಿಸುತ್ತಿದ್ದ.

"ಇದೂ ಸೇರಿ ಗೋಡೇಲಿ ಏಳು ಕೋವಿ ಕಣ್ಲಾ. ಭಾನ್ವಾರ ಮಡಕೆ ಕಟ್ಟಿ ಗುರಿ ಹೊಡೆಯನ."

"ಮದ್ದು ಜಡಿಯೋ ಕಡ್ಡಿ ನಳಿಗೆಗೆ ಬುಟ್ಟು ನೋಡ್ದಾ?"

"ಬುಟ್ಟೆ. ತಳ ಮುಟ್ಟದೆ ನಾಕು ಬೆರಳು ಈಚೆಗೇ ನಿಂತ್ಕತು. ತಳದಲ್ಲಿ ತುಕ್ಕು."

"ತುಕ್ಕು ಅಷ್ಟುದ್ದ ಕಟ್ತದಾ, ಬೆಪ್ಪೆ? ಹಳೇ ಮದ್ದುಗುಂಡು ಒಳಗೇ ಅದೆ! ಈಗ ಎಲ್ಲದೆ ಕೋವಿ?"

"ಮನೇಲಿ. ಕಿಡಿ ಹಾರ್ಸೋ ಕೇಪು ಸಿಗಿಸಿ ಸದ್ದು ಮಾಡ್ತೀನಿ ಅಂತ ಅಳಿಯ ಕೂತಿದ್ದ. ಬರೀ ಕೋವಿ ತಾನೆ ಅಂತ ನನ್ ಮಗಳ ಕಡೇಕೇ ಗುರಿ ಹಿಡ್ದು ನಗಾಡ್ತಿದ್ದ."

ಎಲೆ ಎಣಿಸುತ್ತಿದ್ದ ಚಿಕ್ಕನಿಂಗಮ್ಮನ ಕೈ ನಿಂತಿತು.

ಹರದನಹಳ್ಳಿಗೆ ಮೂರು ಮೈಲಿ. ಬಸ್ಸಿನ ಸುಳಿವೇ ಇರಲಿಲ್ಲ. ಪುಟ್ಟಮಾದಯ್ಯ ಮೆಟ್ಟು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ ಓಡತೊಡಗಿದ.