ಲಾರಿ ಬ್ಯಾಟರಿಯ ಉಪಕಾರ

ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಮುನಿಗಂಗಪ್ಪನಿಗೆ, ಎದುರಿಗೆ ತನ್ನ ಕಡೆ ಬೆನ್ನು ಮಾಡಿ ನಿಂತಿದ್ದ ಗಂಡಹೆಂಡಿರ ಗುರುತು ಸಿಕ್ಕಿತು. ಬೆಳಿಗ್ಗೆ ವಿದುರಾಶ್ವತ್ಥದ ದಾರಿಯಲ್ಲಿ ನಿಂತುಹೋಗಿದ್ದ ಅವರ ಕಾರನ್ನು ತನ್ನ ಲಾರಿಯ ಬ್ಯಾಟರಿಯಿಂದ ವೈರು ಕೊಟ್ಟು ಸ್ಟಾರ್ಟ್ ಮಾಡಿಸಿದ್ದ.

“ರೀ, ಡೈನಮೋ, ಲೈಟು, ಹಾರನ್ನು ಎಲ್ಲಾ ಸುಟ್ಟೋಯ್ತು. ಕಾರು ಕೊಟ್ಟ ನಮ್ಮಣ್ಣಂಗೆ ಏನಂತೀರಾ?”

“ಆ ಲಾರಿಯವನು ಕೆಡಿಸ್ದ ಅಂತೀನಿ.”

“ಲಾರಿದು ಇಪ್ಪತ್ನಾಲ್ಕು ವೋಲ್ಟು, ಕಾರಿಂದು ಹನ್ನೆರಡೇ, ತಡಿಯಲ್ಲ ಅಂತ ಆವಯ್ಯ ಬಡ್ಕೊಂಡ. ಅವಸರ ಅಂತ ನೀವೇ ಕೇಳಲಿಲ್ಲ.”

“ಅವನೇನು ಬಂದು ಸಾಕ್ಷಿ ಹೇಳ್ತಾನಾ?”

ಮುನಿಗಂಗಪ್ಪ ಟೀ ಲೋಟ ಕೆಳಗಿಟ್ಟ. ಗೊತ್ತಿದ್ದೂ ವೈರು ಸಿಕ್ಕಿಸಿದ್ದು ತನ್ನ ಕೈಯೇ.

ಬಸ್ಸು ಬಂತು. ಹತ್ತುವಾಗ ತಿರುಗಿ ನೋಡಿದ ಆಕೆ ಅವನನ್ನು ಕಂಡು ಒಂದು ಗಳಿಗೆ ನಿಂತಳು.

“ರೀ, ಅಣ್ಣಂಗೆ ಇದ್ದಿದ್ದು ಇದ್ದಂಗೆ ನಾನೇ ಹೇಳ್ತೀನಿ. ನೀವು ಬಾಯಿ ಬಿಡ್ಬೇಡಿ.”