ಬಾಟಲಿಯಲ್ಲಿರುವ ಕಲ್ಲು ಯಾರದು?

ಈ ವಾರ್ಷಿಕೋತ್ಸವದ ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಅತಿಥಿಗಳೇ, ಮುಖ್ಯೋಪಾಧ್ಯಾಯಿನಿ ಸೆಲೀನ್ ಟೀಚರೇ, ಇಂದು ಸನ್ಮಾನ ಸ್ವೀಕರಿಸಲು ಅಲಂಕಾರದ ಕುರ್ಚಿಯಲ್ಲಿ ಕುಳಿತಿರುವ ಐಸ್ ಪ್ಲಾಂಟಿನ ಶ್ರೀ ದೇವದಾಸರೇ, ಮಕ್ಕಳ ಡ್ಯಾನ್ಸ್ ನೋಡಲು ಬಂದು ನನ್ನ ಕೈಗೆ ಸಿಕ್ಕಿಬಿದ್ದಿರುವ ಸಭಿಕರೇ,

ಕಳೆದ ಆಗಸ್ಟ್ ಹದಿನೈದರಂದು, ಧ್ವಜ ಹಾರಿಸಿ ಲಾಡು ಹಂಚಿದ ಮೇಲೆ, ಇದೇ ಶಾಲೆಯ ವಿಜ್ಞಾನ ಕೋಣೆಯಲ್ಲಿ ಒಂದು ಅನ್ಯಾಯ ನಡೆಯಿತು. ನನ್ನ ಹೊಟ್ಟೆಯೊಳಗೆ ಬೆಳೆದ, ನಾನು ನೋವು ತಿಂದು ಸಾಕಿದ, ನನ್ನ ಪಿತ್ತಕೋಶದ ಕಲ್ಲುಗಳನ್ನು ಬೇರೊಬ್ಬರ ಹೆಸರಿಗೆ ಬರೆಯಲಾಯಿತು. ಆ ಬೇರೊಬ್ಬರು ಯಾರು? ಅವರ ಬಗ್ಗೆಯೇ ಇವತ್ತು ನಾನು ಅಭಿನಂದನಾ ನುಡಿ ಆಡಬೇಕಂತೆ.

ಆಡುತ್ತೇನೆ. ನಾನು ಮಾತು ಕೊಟ್ಟವನು. ಬಲೆ, ಹಗ್ಗದ ಅಂಗಡಿ ಇಟ್ಟುಕೊಂಡವನಾದರೂ ಗಿರಾಕಿಗಳ ನಡುವೆ ದಿನಕ್ಕೆ ನಾಲ್ಕು ಪತ್ರಿಕೆ ಓದುವವನು. ಕಾಪು ಪೇಟೆಯ ಚರಂಡಿಯ ಬಗ್ಗೆ ಸಂಪಾದಕರಿಗೆ ಬರೆದ ಪತ್ರಗಳನ್ನು ಒಟ್ಟು ಮಾಡಿದರೆ ಆ ಚರಂಡಿಯನ್ನು ಮುಚ್ಚಬಹುದಿತ್ತು. ಹಾಗಾಗಿ ಸತ್ಯವನ್ನು ಬಿಟ್ಟು ಅಭಿನಂದಿಸುವುದು ನನ್ನಿಂದ ಆಗುವುದಿಲ್ಲ.

ದೇವದಾಸರು ದಾನಿಗಳು. ಒಪ್ಪುತ್ತೇನೆ. ನಿಮ್ಮ ತಲೆಯ ಮೇಲೆ ತಿರುಗುವ ಫ್ಯಾನನ್ನು ನಿಲ್ಲಿಸಿದರೆ ಮೂರು ರೆಕ್ಕೆಗಳಲ್ಲೂ ಅವರ ಹೆಸರು ಓದಬಹುದು. ನೀವು ಕುಳಿತ ಬೆಂಚಿನ ಬೆನ್ನಿಗೆ ಅವರ ಹೆಸರು ಉಂಟು. ನಮ್ಮ ಊರಿನಲ್ಲಿ ಕೊಟ್ಟವರ ಹೆಸರು ಬರೆಯದೆ ಒಂದು ಲೋಟ ಕೂಡ ಶಾಲೆಯ ಒಳಗೆ ಬರುವುದಿಲ್ಲ, ಅದು ನಮ್ಮ ಪದ್ಧತಿ. ನನ್ನ ತಕರಾರು ಪದ್ಧತಿಯ ಮೇಲೆ ಅಲ್ಲ. ಅಂದಹಾಗೆ, ಸ್ವಲ್ಪ ಮೊದಲು ಚಹಾ ಕೊಟ್ಟಾಗ ದೇವದಾಸರು ಎಣ್ಣೆಯಲ್ಲಿ ಕರಿದ ಗೋಳಿಬಜೆಯ ತಟ್ಟೆಯನ್ನು ಅಧ್ಯಕ್ಷರ ಕಡೆ ದೂಡಿದ್ದನ್ನು ಎಷ್ಟು ಜನ ನೋಡಿದಿರಿ? ನಾನು ನೋಡಿದೆ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಕಲ್ಲುಗಳ ಚರಿತ್ರೆಯನ್ನು ಈ ಸಭೆ ತಿಳಿಯಬೇಕು. ನನಗೆ ಎರಡು ಮಳೆಗಾಲ ಹೊಟ್ಟೆನೋವು ಇತ್ತು. ಎದೆಯ ಕೆಳಗೆ, ನಟ್ಟನಡುವೆ, ಮುಂದಿನಿಂದ ಹಿಂದಕ್ಕೆ ಗೂಟ ಹೊಡೆದ ಹಾಗೆ. ಕರಿದದ್ದು ತಿಂದರೆ ಗ್ಯಾರಂಟಿ. ಒಬ್ಬರು ಬಾಳೆದಿಂಡಿನ ರಸ ಕುಡಿಸಿದರು. ಬಾಳೆದಿಂಡಿಗೆ ಕಿಡ್ನಿಯ ದಾರಿ ಗೊತ್ತಿರಬಹುದು, ಪಿತ್ತಕೋಶದ ವಿಳಾಸ ಗೊತ್ತಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ದೇವದಾಸರಿಗೆ ಯಾವ ಸಂಶಯವೂ ಇರಲಿಲ್ಲ. ಒಂದನೇ ತರಗತಿಯಿಂದ ನನ್ನ ಪಕ್ಕದಲ್ಲಿ ಕುಳಿತವರು, ನನ್ನನ್ನು ನೋಡಿದಾಗಲೆಲ್ಲ ಒಂದೇ ಮಾತು: "ಗ್ಯಾಸ್ ಮಾರಾಯ."

ಗ್ಯಾಸ್. ಮದುವೆಯ ಊಟದಲ್ಲಿ ಗ್ಯಾಸ್, ಉತ್ತರಕ್ರಿಯೆಯ ಊಟದಲ್ಲೂ ಗ್ಯಾಸ್. ನಾನು ಬೆವರಿ ನೆಲಕ್ಕೆ ಕುಳಿತರೂ ಗ್ಯಾಸ್. ಕೊನೆಗೆ ಇಡೀ ಪೇಟೆಗೆ ಬೂಬ ಎಂದು ನನ್ನ ಹೆಸರು ಹೇಳಿದರೆ ನಗು ಬರುವ ಹಾಗಾಯಿತು. ಒಬ್ಬ ಮನುಷ್ಯನ ನೋವಿಗೆ ಗೌರವ ಬೇಡವೇ?

ಕಾರ್ಕಳದಲ್ಲಿ ನಮ್ಮ ಸಂಬಂಧಿಕರ ಗೃಹಪ್ರವೇಶ. ಕೋಳಿ ಸುಕ್ಕ ಚೆನ್ನಾಗಿತ್ತು, ಅದರ ತಪ್ಪಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ ಗೂಟ ಬಡಿಯಲು ಶುರು. ದೇವದಾಸರು ತಮ್ಮ ಕಾರಿನಲ್ಲಿ ನನ್ನನ್ನೂ ನನ್ನ ಹೆಂಡತಿ ನಳಿನಾಕ್ಷಿಯನ್ನೂ ಕೂರಿಸಿಕೊಂಡು ಹೊರಟರು. ನಿಜ ಹೇಳಬೇಕು, ಆ ದಿನ ಅವರು ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಆದರೆ ಹಿರಿಯಡ್ಕದಲ್ಲಿ ಕಾರು ನಿಲ್ಲಿಸಿದರು. ಯಾಕೆ? ಸೋಡಾಕ್ಕೆ. ಕುಡಿಸಿದರು. ಪರ್ಕಳದಲ್ಲಿ ಪುನಃ ನಿಲ್ಲಿಸಿದರು. ಯಾಕೆ? ಮೆಡಿಕಲ್ ಶಾಪಿನಿಂದ ಗುಲಾಬಿ ಬಣ್ಣದ ಗ್ಯಾಸಿನ ಔಷಧಿಗೆ. ಅದನ್ನೂ ಕುಡಿಸಿದರು. ಮಣಿಪಾಲ ಬಂದಾಗ ಇನ್ನು ಸೀದಾ ಮನೆಗೆ ಹೋಗುವ ಎಂದರು. ಆಗ ಹಿಂದಿನ ಸೀಟಿನಿಂದ ನಳಿನಾಕ್ಷಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಉಂಟು.

"ದೇವದಾಸಣ್ಣ, ಗ್ಯಾಸ್ ಆದರೂ ಅಡ್ಡಿಯಿಲ್ಲ, ಅದನ್ನು ಆಸ್ಪತ್ರೆಯಲ್ಲೇ ಬಿಡಲಿ. ಕಾರು ತಿರುಗಿಸಿ."

ಸ್ಕ್ಯಾನ್ ಮಾಡಿದರು. ಪಿತ್ತಕೋಶದ ತುಂಬ ಕಲ್ಲು, ಸಣ್ಣ ಕಡಲೆಯಷ್ಟು ದೊಡ್ಡವು. ಡಾಕ್ಟರ್ ಚೈತಾಲಿ ಎಂದು, ನಮ್ಮ ಮಕ್ಕಳ ಪ್ರಾಯದ ಸರ್ಜನ್. ದೇವದಾಸರು ಅವರ ಹತ್ತಿರ, ಆ ಉರುಟುರುಟಾಗಿ ಕಾಣುವುದು ಗ್ಯಾಸ್ ಆಗಿರಲಿಕ್ಕಿಲ್ಲವಾ ಎಂದು ಕೇಳಿದರು. ಇಲ್ಲ ಅಂಕಲ್ ಎಂದರು. ಸಭಿಕರೇ, ಎರಡು ಮಳೆಗಾಲದ ನಂತರ ನನಗೆ ನ್ಯಾಯ ಸಿಕ್ಕಿದ ಆ ಕ್ಷಣದಲ್ಲಿ ನೋವು ಕೂಡ ಅರ್ಧ ಇಳಿದಿತ್ತು.

ಆದರೆ ನ್ಯಾಯ ಎಷ್ಟು ಹೊತ್ತು ಉಳಿಯಿತು? ಡಾಕ್ಟರ್ ಆಪರೇಶನ್ನಿನ ಕ್ರಮ ವಿವರಿಸಿದರು. ದೊಡ್ಡದಾಗಿ ಕೊಯ್ಯುವುದಿಲ್ಲ, ನಾಲ್ಕು ಸಣ್ಣ ತೂತು. ಹೊಕ್ಕುಳಿನ ಹತ್ತಿರದ ತೂತಿನಲ್ಲಿ ಕ್ಯಾಮೆರಾ ಇಳಿಸುತ್ತಾರೆ. ಉಳಿದವುಗಳಲ್ಲಿ ಉದ್ದನೆಯ ಸಪೂರ ಸಲಕರಣೆಗಳು. ಟಿವಿ ನೋಡಿಕೊಂಡು ಒಳಗೆ ಕೆಲಸ ಮಾಡಿ, ಪಿತ್ತಕೋಶವನ್ನು ಕಲ್ಲುಗಳ ಸಮೇತ ಸಣ್ಣ ಚೀಲದಲ್ಲಿ ಹಾಕಿ ಹೊಕ್ಕುಳಿನ ದಾರಿಯಿಂದ ಹೊರಗೆ ತೆಗೆಯುತ್ತಾರೆ. ಇಷ್ಟು ಹೇಳಿ ಅವರು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಒಳಗೆ ಕೈಯಾಡಿಸಲು ಜಾಗ ಬೇಕಲ್ಲ, ಅದಕ್ಕೆ ಮೊದಲು ಹೊಟ್ಟೆಗೆ ಗ್ಯಾಸ್ ತುಂಬಿಸುತ್ತೇವೆ ಎಂದರು.

ದೇವದಾಸರು ನನ್ನನ್ನು ನೋಡಿದರು. ನಗುತ್ತಾ ನನ್ನ ಬೆನ್ನು ತಟ್ಟಿದರು.

ಆಪರೇಶನ್ ಆದ ಮರುದಿನ ನನಗೆ ಭುಜ ನೋಯುತ್ತಿತ್ತು. ಹೊಟ್ಟೆಯ ಆಪರೇಶನ್ನಿಗೆ ಭುಜ ಯಾಕೆ ನೋಯುತ್ತದೆ ಎಂದು ನರ್ಸನ್ನು ಕೇಳಿದೆ. ತುಂಬಿಸಿದ್ದರಲ್ಲಿ ಸ್ವಲ್ಪ ಉಳಿದಿರುತ್ತದೆ, ಅದು ಗ್ಯಾಸ್, ತನ್ನಷ್ಟಕ್ಕೆ ಹೋಗುತ್ತದೆ ಎಂದರು. ದೇವದಾಸರು ಎದ್ದು ಹೋಗಿ ಆ ನರ್ಸಿನ ಕೈ ಕುಲುಕಿದರು.

ಅದೇ ದಿನ ನನ್ನನ್ನು ಮನೆಗೆ ಕಳುಹಿಸಿದರು. ಇಲ್ಲಿ ನನ್ನ ಎರಡನೇ ಸಂಕಟ. ವಿಜ್ಞಾನ ಇಷ್ಟು ಮುಂದುವರಿದರೆ ರೋಗಿಯ ಮರ್ಯಾದೆ ಏನಾಗಬೇಕು? ಆ್ಯಪಲ್ ಹಿಡಿದುಕೊಂಡು ಆಸ್ಪತ್ರೆಗೆ ಹೋದವರು ನಾನಿಲ್ಲದ್ದು ಕಂಡು ಆ್ಯಪಲ್ ಸಮೇತ ವಾಪಸು ಹೋದರು. ಮನೆಗೆ ಬಂದವರಿಗೆ ಬಾಗಿಲು ತೆರೆದದ್ದು ನಾನೇ. ಯಾರು ನಂಬುತ್ತಾರೆ?

ದೇವದಾಸರ ಅಣ್ಣ ಶೀನಣ್ಣನವರು ಬಂದರು. ಅವರಿಗೂ ಹಿಂದಿನ ಕಾಲದಲ್ಲಿ ಇದೇ ಪಿತ್ತಕೋಶದ ಆಪರೇಶನ್ ಆಗಿತ್ತು, ಹೊಟ್ಟೆ ಕೊಯ್ದು. ನಮಗೆ ಆಗ ಹತ್ತು ವರ್ಷ ಇರಬೇಕು. ಅವರು ಆಸ್ಪತ್ರೆಯಲ್ಲೇ ತಿಂಗಳ ಹತ್ತಿರ ಮಲಗಿದ್ದರು. ಮನೆಗೆ ಬಂದ ದಿನ ಅಂಗಿ ಬಿಚ್ಚಿದಾಗ ನಾನೂ ದೇವದಾಸನೂ ಕಂಬದ ಮರೆಯಿಂದ ನೋಡಿದ್ದೆವು. ಪಕ್ಕೆಲುಬಿನಿಂದ ಕೆಳಗೆ ಒಂದು ಗೆರೆ, ಎರಡು ಬದಿಗೂ ಹೊಲಿಗೆಯ ಗುರುತು. ಥೇಟು ಬಂಗುಡೆಯ ನಡುಮುಳ್ಳು. ದೇವದಾಸ ಆ ದಿನ ಊಟ ಮಾಡಲಿಲ್ಲ. ಮೀನಿನ ಮನೆಯ ಹುಡುಗ, ಒಂದು ವಾರ ಬಂಗುಡೆ ಮುಟ್ಟಲಿಲ್ಲ.

ಆ ಶೀನಣ್ಣ ನಮ್ಮ ಜಗಲಿಯಲ್ಲಿ ಕುಳಿತು ನನ್ನ ನಾಲ್ಕು ಚುಕ್ಕೆಗಳನ್ನು ಕನ್ನಡಕ ಹಾಕಿ ನೋಡಿದರು. "ಇದು ಸೊಳ್ಳೆ ಕಚ್ಚಿದ್ದಲ್ವಾ ಬೂಬ?" ಎಂದು ಕೇಳಿದರು. ಮತ್ತೆ ತಮ್ಮ ಅಂಗಿಯ ಗುಂಡಿ ಬಿಚ್ಚಿದರು. ಇಲ್ಲ ಶೀನಣ್ಣ, ಈಗ ಈ ಸಭೆಯಲ್ಲಿ ಬೇಡ, ದಯವಿಟ್ಟು ಗುಂಡಿ ಹಾಕಿಕೊಳ್ಳಿ, ಮುಂದಿನ ಸಾಲಿನಲ್ಲಿ ಮಕ್ಕಳಿದ್ದಾರೆ.

ಈಗ ತಿಳಿಯಿತೇ, ಆ ಬಾಟಲಿ ನನಗೆ ಎಂತಕ್ಕೆ ಮುಖ್ಯವಾಗಿತ್ತೆಂದು? ಆಸ್ಪತ್ರೆಯಿಂದ ಕೊಟ್ಟ ಸಣ್ಣ ಬಾಟಲಿ, ಅದರಲ್ಲಿ ನನ್ನ ಕಲ್ಲುಗಳು. ನನಗೆ ಗಾಯವಿಲ್ಲ, ಮಲಗಿದ ದಿನಗಳಿಲ್ಲ, ಆ್ಯಪಲ್ ಇಲ್ಲ. ನನ್ನದು ಗ್ಯಾಸ್ ಅಲ್ಲ ಎಂಬುದಕ್ಕೆ ಉಳಿದ ಸಾಕ್ಷಿ ಅದೊಂದೇ. ಶೋಕೇಸಿನಲ್ಲಿ ಚಿಪ್ಪಿನ ಗಣಪತಿಯ ಪಕ್ಕ ಇಟ್ಟಿದ್ದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಅವರು ಚಹಾ ಕುಡಿಯುವಾಗಲೇ ತೋರಿಸುತ್ತಿದ್ದೆ ಎಂಬುದು ನಳಿನಾಕ್ಷಿಯ ದೂರು. ಬಿಸ್ಕತ್ತಿನ ತಟ್ಟೆಯೂ ಬಾಟಲಿಯೂ ಒಟ್ಟಿಗೆ ಸುತ್ತು ಬರುತ್ತಿದ್ದವಂತೆ. ಸೆಲೀನ್ ಟೀಚರ್ ವಿಜ್ಞಾನ ಕೋಣೆಗೆ ಏನಾದರೂ ಕೊಡಿ ಎಂದು ಬಂದ ದಿನ ಅವಳು ಹಿಂದೆಮುಂದೆ ನೋಡದೆ ಬಾಟಲಿ ಕೊಟ್ಟಳು. ನಾನೂ ಒಪ್ಪಿದೆ. ಕೆಳಗೆ ನನ್ನ ಹೆಸರು ಇರುತ್ತದೆ, ಮುಂದಿನ ಪೀಳಿಗೆ ಓದುತ್ತದೆ ಎಂದುಕೊಂಡೆ.

ಕಪಾಟು ಕೊಟ್ಟವರು ದೇವದಾಸರು. ಬಣ್ಣದವನಿಗೆ ಯಾರೋ ಹೇಳಿದರಂತೆ, ಕಪಾಟಿನದ್ದಕ್ಕೆಲ್ಲ ದಾನಿಗಳ ಹೆಸರು ಬರೆ ಎಂದು. ಅವನು ಶ್ರದ್ಧೆಯ ಮನುಷ್ಯ. ಭೂಗೋಳದಲ್ಲಿ ಪೆಸಿಫಿಕ್ ಸಾಗರದ ಮೇಲೆ ಬರೆದ. ಪ್ಲಾಸ್ಟಿಕ್ ಅಸ್ಥಿಪಂಜರದ ಎದೆಯ ಮೇಲೆ 'ಶ್ರೀ ದೇವದಾಸ ಮತ್ತು ಕುಟುಂಬದವರು' ಎಂದು ಬರೆದ. ಅದಕ್ಕೆ ಅವರ ಕುಟುಂಬದವರು ಏನು ಹೇಳುತ್ತಾರೋ ಅವರಿಗೆ ಬಿಟ್ಟದ್ದು. ನನ್ನ ಬಾಟಲಿಯ ಮೇಲೆ ಬರೆದದ್ದು ಹೀಗೆ: 'ಪಿತ್ತಕೋಶದ ಕಲ್ಲುಗಳು. ಶ್ರೀ ದೇವದಾಸ, ಕಾಪು.'

ಇದು ಹೊಸದಲ್ಲ. ನಾಲ್ಕನೇ ತರಗತಿಯಲ್ಲಿ ನಾನು ಬಿಡಿಸಿದ ನವಿಲಿಗೂ ಇವನದೇ ಹೆಸರು ಬಿದ್ದು ಇವನಿಗೇ ಬಹುಮಾನ ಬಂದಿತ್ತು. ನಾನು ಮರೆತಿಲ್ಲ.

ಬಣ್ಣದವನ ತಪ್ಪನ್ನು ನಾನು ಕ್ಷಮಿಸುತ್ತಿದ್ದೆ. ಆದರೆ ಆ ದಿನ ಏಳನೇ ತರಗತಿಯ ಒಬ್ಬಳು ಹುಡುಗಿ ಬಾಟಲಿ ನೋಡಿ, ಇದು ನಿಮ್ಮದಾ, ತುಂಬ ನೋವಿತ್ತಾ ಎಂದು ದೇವದಾಸರನ್ನು ಕೇಳಿದಳು. ನಾನು ಕಪಾಟಿನ ಆಚೆ ಬದಿಯಲ್ಲಿದ್ದೆ. ಇವರು ಅಲ್ಲ ಎನ್ನಬೇಕಿತ್ತೋ ಇಲ್ಲವೋ? ಇವರು ಹೇಳಿದ್ದು ಇದು:

"ಅದನ್ನು ಕೇಳಬೇಡ ಮಗಾ. ಬಲದ ಪಕ್ಕೆಲುಬಿನ ಅಡಿಯಲ್ಲಿ ಶುರುವಾಗುತ್ತದೆ. ಮತ್ತೆ ಬೆನ್ನಿಗೆ ಹತ್ತಿ, ಭುಜದ ಹತ್ತಿರ ಗಾಳ ಹಾಕಿ ಎಳೆದ ಹಾಗೆ. ಕೂತರೂ ಆಗುವುದಿಲ್ಲ, ಮಲಗಿದರೂ ಆಗುವುದಿಲ್ಲ."

ನನ್ನ ಕಲ್ಲು ಕದ್ದದ್ದು ಸಾಲದೆಂದು ನನ್ನ ನೋವನ್ನೂ ಕದ್ದ ಎಂದು ನಾನು ಐದು ತಿಂಗಳು ಕುದಿಯುತ್ತಾ ಇದ್ದೆ. ಕಳೆದ ವಾರ ಈ ಭಾಷಣವನ್ನು ಮನೆಯಲ್ಲಿ ಗಟ್ಟಿಯಾಗಿ ಓದುವಾಗ ನಳಿನಾಕ್ಷಿ ಒಲೆಯ ಹತ್ತಿರದಿಂದಲೇ ಹೇಳಿದಳು: "ನಿಮ್ಮ ನೋವು ನಡುವಿನಲ್ಲಿ ಅಲ್ವಾ ಇದ್ದದ್ದು? ಇದು ಯಾರದು?"

ಸಭಿಕರೇ, ನಾನು ಅಲ್ಲಿಗೇ ಓದು ನಿಲ್ಲಿಸಿದೆ. ನನ್ನ ನೋವು ಬಲಕ್ಕೆ ಹೋಗಲಿಲ್ಲ, ಭುಜಕ್ಕೆ ಹತ್ತಲಿಲ್ಲ. ಇಲ್ಲದ ಕಲ್ಲಿನ ನೋವನ್ನು ಒಬ್ಬ ಮನುಷ್ಯ ಅಷ್ಟು ಸರಿಯಾಗಿ ಹೇಗೆ ವರ್ಣಿಸುತ್ತಾನೆ?

ವಿಚಾರಿಸಿದೆ. ದೇವದಾಸರ ಹೆಂಡತಿ ಮೋಹಿನಿಯಕ್ಕ ಹೇಳಿದರೆಂದು ನಾನು ಹೇಳುವುದಿಲ್ಲ, ಅವರಿಗೆ ಮಾತು ಕೊಟ್ಟಿದ್ದೇನೆ. ಒಟ್ಟಿನಲ್ಲಿ ಅವರ ಮನೆಯಲ್ಲಿ ಎಣ್ಣೆಯಲ್ಲಿ ಕಾಯಿಸಿದ ಬಂಗುಡೆ ನಿಂತು ತಿಂಗಳುಗಳಾಗಿವೆ. ರಾತ್ರಿ ಗಂಜಿ, ಅದರ ಮೇಲೆ ಶುಂಠಿ ಕಷಾಯ. ಮಲಗುವುದು ಈಸಿಚೇರಿನಲ್ಲಿ. ಆಗ ಗೋಳಿಬಜೆಯ ತಟ್ಟೆ ದೂಡಿದ್ದೂ ಇದಕ್ಕೇ. ಕೇಳಿದರೆ ಎಂತ ಹೇಳುತ್ತಾರೆ? ಊಹಿಸಿ. ಗ್ಯಾಸ್.

ನಿರೂಪಕಿ ವಿಜೇತಾ ಚೀಟಿ ಕಳುಹಿಸಿದ್ದಾರೆ, ಸಮಯ ಮುಗಿಯಿತೆಂದು. ಇದು ಎರಡನೇ ಚೀಟಿ. ಮೂರನೆಯದು ಬರುವುದರೊಳಗೆ ಮುಗಿಸುತ್ತೇನೆ.

ದೇವದಾಸ, ಇನ್ನು 'ಶ್ರೀ' ಬೇಡ, ನಿನಗೇ ಹೇಳುತ್ತೇನೆ. ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರೆ ಐಸ್ ಪ್ಲಾಂಟ್ ನೋಡುವವರು ಯಾರು ಎಂದು ಮೊನ್ನೆ ನೀನು ಕೇಳಿದೆಯಂತೆ. ನೀನು ಕಾಣುತ್ತಾ ಇರುವುದು ಶೀನಣ್ಣನ ಹೊಟ್ಟೆ. ಆ ಕಂಬದ ಮರೆಯಿಂದ ನೀನು ಇನ್ನೂ ಹೊರಗೆ ಬರಲಿಲ್ಲ. ನನ್ನ ಹೊಟ್ಟೆ ನೋಡು ಮಾರಾಯ. ನಾಲ್ಕು ಚುಕ್ಕೆ. ಬೇಕಿದ್ದರೆ ಇಲ್ಲೇ ತೋರಿಸುತ್ತಿದ್ದೆ, ಎರಡನೇ ಸಾಲಿನಿಂದ ನಳಿನಾಕ್ಷಿ ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಾಳೆ. ಡಾಕ್ಟರ್ ಚೈತಾಲಿ ಆ ದಿನ ಹೇಳಿದ್ದನ್ನು ನೀನೂ ಕೇಳಿದ್ದಿ. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಣ್ಣು ಹಳದಿ, ಜೀವಕ್ಕೇ ಅಪಾಯ. ಪಿತ್ತಕೋಶ ತೀರಾ ಬಾತು ಅಂಟಿಕೊಂಡರೆ ಸಣ್ಣ ತೂತಿನಲ್ಲಿ ಕೆಲವೊಮ್ಮೆ ಆಗುವುದಿಲ್ಲ, ಆಗ ಕೊಯ್ಯಲೇಬೇಕಾಗುತ್ತದೆ. ಯಾವ ಬಂಗುಡೆ ಮುಳ್ಳಿಗೆ ಹೆದರಿ ಕುಳಿತಿದ್ದೀಯೋ, ಕುಳಿತೇ ಇದ್ದರೆ ಅದೇ ಬರುತ್ತದೆ. ನನ್ನ ಹತ್ತಿರ ಇನ್ನೊಬ್ಬ ಬಾಲ್ಯದ ಗೆಳೆಯ ಇಲ್ಲ. ಇದ್ದಿದ್ದರೆ ಇಷ್ಟು ಬೊಬ್ಬೆ ಹಾಕುತ್ತಿರಲಿಲ್ಲ.

ನವಿಲನ್ನು ಇಟ್ಟುಕೋ. ಕಲ್ಲನ್ನು ಬಿಡುವುದಿಲ್ಲ. ಬಾಟಲಿಯಲ್ಲಿ ಹೆಸರು ಬೇಕಿದ್ದರೆ ನಿನ್ನದೇ ಕಲ್ಲು ತೆಗೆಸಿ ತಂದಿಡು. ಕಪಾಟಿನಲ್ಲಿ ಜಾಗ ಉಂಟು, ಕಪಾಟು ನಿನ್ನದೇ. ಸೋಮವಾರ ಬೆಳಿಗ್ಗೆ ಮಣಿಪಾಲಕ್ಕೆ ನಾನೇ ಕಾರು ಬಿಡುತ್ತೇನೆ. ಸ್ಕ್ಯಾನಿನಲ್ಲಿ ಏನೂ ಇಲ್ಲದಿದ್ದರೆ ಇದೇ ವೇದಿಕೆಯಲ್ಲಿ ನಿಂತು, ಅದು ಗ್ಯಾಸ್ ಎಂದು ಮೈಕಿನಲ್ಲಿ ಒಪ್ಪುತ್ತೇನೆ. ದಾರಿಯಲ್ಲಿ ಸೋಡಾಕ್ಕೆ ಮಾತ್ರ ನಿಲ್ಲಿಸುವುದಿಲ್ಲ.

ಸಂಘಟಕರಿಗೆ, ತಾಳ್ಮೆಯಿಂದ ಕುಳಿತ ಅಧ್ಯಕ್ಷರಿಗೆ, ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಬೆವರುತ್ತಿರುವ ಮಕ್ಕಳಿಗೆ ನನ್ನ ಕೃತಜ್ಞತೆ. ಎಲ್ಲರಿಗೂ ನಮಸ್ಕಾರ.

ಸನ್ಮಾನದ ಶಾಲು ನನ್ನ ಕೈಯಲ್ಲೇ ಉಂಟು. ಇದನ್ನು ಹೊದಿಸುವ ಮೊದಲು ಈ ಸಭೆಗೆ ಎರಡು ಉತ್ತರ ಬೇಕು. ಬಾಟಲಿಯಲ್ಲಿರುವ ಕಲ್ಲು ಯಾರದು? ಸೋಮವಾರ ಬರುತ್ತೀಯೋ ಇಲ್ಲವೋ? ಮೈಕ್ ನಿನ್ನ ಕಡೆ ತಿರುಗಿಸಿದ್ದೇನೆ ದೇವದಾಸ. ಹೇಳು.