ಲೈಬ್ರರಿಯ ಒಳಗೆ

ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಮ್ಮಸಂದ್ರದ ಬಸ್ಸಿಗೆ ಕಾಯುತ್ತಿದ್ದ ಸೌಂದರ್ಯಳ ಕಿವಿಗೆ ಪಕ್ಕದಲ್ಲಿ ಅದೇ ಬಸ್ಸಿಗೆ ನಿಂತಿದ್ದ ಗಂಡಹೆಂಡಿರ ಮಾತು ತಾನಾಗಿಯೇ ಬೀಳುತ್ತಿತ್ತು. ಹಾಲಸ್ವಾಮಿ ಗಾರೆ ಮೇಸ್ತ್ರಿಯೆಂದು ಅವಳಿಗೆ ಗೊತ್ತಿತ್ತು. ಹೆಂಡತಿ ಗುರುಶಾಂತಮ್ಮ ಅವನ ಜೊತೆಗೇ ಕೆಲಸಕ್ಕೆ ಹೋಗುವವಳು.

"ಈ ವರ್ಷ ಈ ಊರಲ್ಲಿ ಮೂರು ಕಟ್ಟಡ ಎದ್ವು ಕಣ್ರೀ. ಆಸ್ಪತ್ರೆ, ಸಮುದಾಯ ಭವನ, ಲೈಬ್ರರಿ. ಜನ ಯಾವುದನ್ನ ಹೊಗಳ್ತಾರೆ ಹೇಳಿ?"

"ಆಸ್ಪತ್ರೇನ. ಮುಂದ್ಗಡೆ ಪೂರ್ತಿ ಗಾಜು ಹಾಕವ್ರೆ."

"ಅಲ್ಲ, ನಮ್ಮ ಲೈಬ್ರರೀನ. ಎಂಥ ಬಿಸಿಲಲ್ಲೂ ಒಳಗೆ ತಂಪಾಗಿರ್ತದಂತೆ."

"ಇರದೆ ಏನು? ಸೂರು ಎತ್ತರಕ್ಕಿರ್ಲಿ, ಎದುರುಬದುರು ಕಿಟಕಿ ಇರ್ಲಿ ಅಂತ ಇಂಜಿನಿಯರ್ ಹತ್ರ ನಾನೇ ವಾದ ಮಾಡಿದ್ದು. ಗೋಡೆಗೆ ದಿನಾ ನೀರು ಹೊಡ್ದೋಳು ನೀನು."

"ಕಟ್ಟಿ ಮುಗಿಸಿದ ಮೇಲೆ ಒಳಗೆ ಹೋಗಿದ್ರಾ?"

"ಉದ್ಘಾಟನೆ ದಿನ ಗೇಟ್ ಹತ್ರ ನಿಂತು ನೋಡ್ದೆ. ಕರೀದೆ ಹೆಂಗೆ ಹೋಗದು?"

"ಲೈಬ್ರರಿಗೆ ಯಾರನ್ನ ಯಾರು ಕರೀತಾರೆ? ಇವತ್ತು ಹೋಗಾನ ನಡೀರಿ."

"ಯಾಕೆ ಬಂದ್ರಿ ಅಂತ ಕೇಳಿದ್ರೆ?"

"ಪೇಪರ್ ಓದಕ್ಕೆ ಅಂತೀನಿ. ನೀವು ಓದ್ತಾ ಕೂತಿರಿ, ನಾನು ಸೂರು ನೋಡ್ತಾ ಕೂತಿರ್ತೀನಿ."

ಹಾಲಸ್ವಾಮಿ ನಕ್ಕುಬಿಟ್ಟ. ಅಷ್ಟರಲ್ಲಿ ಬಸ್ ಬಂತು. ಸೌಂದರ್ಯ ಹತ್ತಿ ಕಿಟಕಿಯ ಪಕ್ಕ ಕೂತಳು. ಅವರು ಹತ್ತುತ್ತಾರೆಂದು ಜಾಗ ಹಿಡಿದಿದ್ದಳು, ಅವರು ಬರಲಿಲ್ಲ. ಹೊರಗೆ ಹಾಲಸ್ವಾಮಿ ಟವೆಲಿನಿಂದ ಮುಖ ಒರೆಸಿಕೊಂಡು, ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತ, ಹೆಂಡತಿಯ ಹಿಂದೆ ಲೈಬ್ರರಿಯ ರಸ್ತೆ ಹಿಡಿದಿದ್ದ.